‘ರಾಜೀನಾಮೆ ಬರೆದುಕೊಡು, ಆಮೇಲೆ ಕರೀತೀವಿ’ ಅಂದರೆ ಏನು ಮಾಡಬೇಕು?

ಪ್ರಶ್ನೆ: ನನಗೆ 27 ವರ್ಷ. ಐಟಿಐ ಫಿಟ್ಟರ್. ಒಂದು ಕಾರು ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ಮೂರೂವರೆ ವರ್ಷದಿಂದ ಟೆಂಪರರಿ ಆಗಿದ್ದೇನೆ. 11 ತಿಂಗಳಿಗೊಮ್ಮೆ ಒಂದು ವಾರ ಬ್ರೇಕ್ ಕೊಟ್ಟು ಹೊಸ ಲೆಟರ್ ಕೊಡುತ್ತಾರೆ. ಎರಡು ತಿಂಗಳಿಂದ ಓಟಿ ಇಲ್ಲ. ರಾತ್ರಿ ಶಿಫ್ಟ್ ನಿಲ್ಲಿಸಿದರು. ಹೋದ ವಾರ ನಮ್ಮ ಲೈನಿನ ನಲವತ್ತು ಹುಡುಗರಿಗೆ ನಾಳೆಯಿಂದ ಬರಬೇಡಿ ಅಂದರು. ಈಗ ನಮ್ಮನ್ನೂ ಕರೆದು, ‘ರಾಜೀನಾಮೆ ಬರೆದುಕೊಡಿ, ಮಾರ್ಕೆಟ್ ಸರಿ ಹೋದಮೇಲೆ ನಿಮ್ಮನ್ನೇ ಮೊದಲು ಕರೀತೀವಿ’ ಅನ್ನುತ್ತಿದ್ದಾರೆ. ನನ್ನ ಈಗಿನ ಲೆಟರ್ ಮುಗಿಯಲು ಇನ್ನೂ ನಾಲ್ಕು ತಿಂಗಳಿದೆ. 240 ದಿನ ಆದರೆ ಪರ್ಮನೆಂಟ್, ಕೋರ್ಟಿಗೆ ಹೋಗು ಅಂತ ಭಾವ ಹೇಳುತ್ತಾರೆ. ಹೆಂಡತಿ ಊರಿಗೆ ಹೋಗೋಣ ಅನ್ನುತ್ತಾಳೆ. ಮಗುವಿಗೆ ಒಂದು ವರ್ಷ. ಬೈಕ್ ಸಾಲ ಇದೆ. ಇಷ್ಟು ವರ್ಷದಲ್ಲಿ ಸುಮ್ಮಸುಮ್ಮನೆ ರಜೆ ಹಾಕಿಲ್ಲ, ನನ್ನ ಸ್ಟೇಷನ್ನಿನಿಂದ ರಿಜೆಕ್ಷನ್ ಬಂದಿಲ್ಲ. ಆದರೂ ನಾನೇ ಯಾಕೆ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಕಾರ್ಮಿಕರ ಸಲಹೆಗಾರನಾಗುವ ಮೊದಲು ನಾನು ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಇದ್ದೆ. ಒಂದು ಸಂಜೆ ಕ್ಯಾಂಟೀನಿನಲ್ಲಿ ನಿಂತು ಹೆಸರುಗಳ ಪಟ್ಟಿ ಓದುವ ಕೆಲಸ ನನಗೆ ಬಂತು. ಓದಿ ಮುಗಿಸಿದ ಮೇಲೆ ಒಬ್ಬ ಹುಡುಗ ಹತ್ತಿರ ಬಂದು, ‘ಸರ್, ನಾನೇನು ತಪ್ಪು ಮಾಡಿದೆ?’ ಅಂದ. ಅವನ ಕೈಯಲ್ಲಿ ಊಟದ ತಟ್ಟೆ ಇನ್ನೂ ಹಾಗೇ ಇತ್ತು. ಅವನು ಏನೂ ತಪ್ಪು ಮಾಡಿರಲಿಲ್ಲ. ಪಟ್ಟಿ ಮಾಡುವಾಗ ಅವನ ಕೆಲಸ ಹೇಗಿದೆ ಅಂತ ಯಾರೂ ನೋಡಿಯೂ ಇರಲಿಲ್ಲ. ಲೆಟರ್ ಯಾವ ಬಗೆಯದು, ಯಾವಾಗ ಮುಗಿಯುತ್ತದೆ ಅಂತ ಮಾತ್ರ ನೋಡಿದ್ದರು. ಅವತ್ತು ಅವನಿಗೆ ಹೀಗೆ ನೇರವಾಗಿ ಹೇಳಲು ನನಗೆ ಬಾಯಿ ಬರಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಹಾಗಾದರೆ ಪಟ್ಟಿ ಹೇಗೆ ಹುಟ್ಟುತ್ತದೆ? ನಿಮ್ಮ ಲೈನಿನ ಲೆಕ್ಕದಲ್ಲೇ ನೋಡೋಣ. ಒಂದು ಕಾರಿನ ಅಸೆಂಬ್ಲಿಗೆ ಎಲ್ಲರ ಕೈಕೆಲಸ ಸೇರಿ 300 ನಿಮಿಷ ಬೇಕು ಅಂದುಕೊಳ್ಳಿ. ನಿಮಿಷಕ್ಕೊಂದು ಕಾರು ಹೊರಗೆ ಬರಬೇಕಾದರೆ ಲೈನಿನ ಮೇಲೆ 300 ಜನ ಇರಬೇಕು. ಬೇಡಿಕೆ ಕಡಿಮೆ ಆಯಿತು, 75 ಸೆಕೆಂಡಿಗೊಂದು ಕಾರು ಸಾಕು ಅಂದರೆ 240 ಜನ ಸಾಕು. ಬೆಲ್ಟ್ ಸ್ವಲ್ಪ ನಿಧಾನ ಆಗುತ್ತದೆ, ಅಷ್ಟೆ. ಆದರೆ ಎರಡು ಸ್ಟೇಷನ್ ಸೇರಿ ಒಂದಾಗುತ್ತದೆ, 60 ಜನ ಹೆಚ್ಚುವರಿ ಆಗಿಬಿಡುತ್ತಾರೆ. ಲೈನ್ ನಿಧಾನ ಆಗಿದ್ದು ಮೊದಲು ಗೊತ್ತಾಗುವುದು ಅದರ ಮೇಲೆ ನಿಂತವರಿಗೇ. ನಿಮಗೂ ಪೇಪರಿನಲ್ಲಿ ಸುದ್ದಿ ಬರುವ ಮೊದಲೇ ಗೊತ್ತಾಗಿರುತ್ತದೆ, ಅಲ್ವಾ?

ಬೇಡಿಕೆ ಸ್ವಲ್ಪ ಬಿದ್ದರೆ ಕಾರ್ಖಾನೆಗೆ ಅಷ್ಟೊಂದು ಪೆಟ್ಟು ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಅದಕ್ಕೆ ಕಾರಣ ಶೋರೂಮಿನ ಸ್ಟಾಕು. ಒಬ್ಬ ಡೀಲರ್ ತಿಂಗಳಿಗೆ 100 ಕಾರು ಮಾರುತ್ತಾನೆ, ಒಂದು ತಿಂಗಳ ಸ್ಟಾಕ್ ಅಂತ ಇನ್ನೊಂದು 100 ಇಟ್ಟುಕೊಳ್ಳುತ್ತಾನೆ ಅನ್ನಿ. ಮಾರಾಟ 80ಕ್ಕೆ ಇಳಿಯಿತು. ಈಗ ಅವನಿಗೆ ಸ್ಟಾಕ್ ಕೂಡ 80 ಸಾಕು. ಉಳಿದ 20 ಕಾರನ್ನು ಮೊದಲು ಖಾಲಿ ಮಾಡುತ್ತಾನೆ, ಕಾರ್ಖಾನೆಗೆ ಬರೀ 60ಕ್ಕೆ ಆರ್ಡರ್ ಕೊಡುತ್ತಾನೆ. ಮಾರಾಟ ಬಿದ್ದಿದ್ದು ಶೇ 20, ಆರ್ಡರ್ ಬಿದ್ದಿದ್ದು ಶೇ 40. ಸ್ಟಾಕ್ ಸರಿ ಹೋದಮೇಲೆ ಆರ್ಡರ್ ಮತ್ತೆ 80ಕ್ಕೆ ಬರುತ್ತದೆ, 100ಕ್ಕಲ್ಲ. ಈ ಕೊನೆಯ ಮಾತನ್ನು ನೆನಪಿಡಿ. ‘ಮತ್ತೆ ಕರೀತೀವಿ’ ಅನ್ನುವ ಮಾತಿಗೆ ಎಷ್ಟು ತೂಕ ಅಂತ ನೋಡುವಾಗ ಇದೇ ಬೇಕಾಗುತ್ತದೆ.

ಕಾರು ಇವತ್ತೇ ಕೊಳ್ಳಬೇಕಾದ ವಸ್ತು ಅಲ್ಲ, ಬಹುತೇಕ ಜನ ಸಾಲ ಮಾಡಿ ಕೊಳ್ಳುತ್ತಾರೆ. ಹಾಗಾಗಿ ಸಾಲ ಬಿಗಿಯಾದರೆ ಸಾಕು, ಲೈನ್ ನಿಧಾನ ಆಗುತ್ತದೆ. 2018ರ ಸೆಪ್ಟೆಂಬರ್ ಹೊತ್ತಿಗೆ ರಸ್ತೆ, ವಿದ್ಯುತ್ತಿನಂಥ ಯೋಜನೆಗಳಿಗೆ ಹಣ ಹಾಕುತ್ತಿದ್ದ ಐಎಲ್ ಅಂಡ್ ಎಫ್‌ಎಸ್ ಅನ್ನುವ ದೊಡ್ಡ ಸಂಸ್ಥೆ ಸಾಲ ಕಟ್ಟಲಾಗದೆ ಕೈಚೆಲ್ಲಿತು. ಆಮೇಲೆ ವಾಹನ ಸಾಲ ಕೊಡುವ ಫೈನಾನ್ಸ್ ಕಂಪನಿಗಳಿಗೇ ಹಣ ಹುಟ್ಟದ ಹಾಗಾಯಿತು. ಅದೇ ತಿಂಗಳಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕಾಯಿತು. 2020ರ ಏಪ್ರಿಲ್‌ನಿಂದ ವಾಹನದ ಹೊಗೆಗೆ ಬಿಎಸ್-6 ಅನ್ನುವ ಹೊಸ ನಿಯಮ ಬರುತ್ತದೆ, ಕಾದು ನೋಡೋಣ ಅಂತ ಕೆಲವರು ಕೊಳ್ಳುವುದನ್ನು ಮುಂದೂಡಿದರು. 2019ರ ಆಗಸ್ಟ್‌ನಲ್ಲಿ ದೇಶದಲ್ಲಿ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ 31ಕ್ಕೂ ಜಾಸ್ತಿ ಬಿತ್ತು. ಮಾರುತಿ ಸುಜುಕಿ ಅಧ್ಯಕ್ಷ ಆರ್.ಸಿ. ಭಾರ್ಗವ ಅವರು ಸುಮಾರು 3,000 ತಾತ್ಕಾಲಿಕ ಕಾರ್ಮಿಕರ ಒಪ್ಪಂದ ನವೀಕರಿಸಿಲ್ಲ ಎಂದು ಆ ತಿಂಗಳೇ ಹೇಳಿದರು. ಸೆಪ್ಟೆಂಬರ್ 7 ಮತ್ತು 9ರಂದು ಗುರುಗ್ರಾಮ, ಮಾನೇಸರ್ ಎರಡೂ ಘಟಕಗಳಲ್ಲಿ ಉತ್ಪಾದನೆಯೇ ಇರಲಿಲ್ಲ.

ಪರ್ಮನೆಂಟ್ ನೌಕರರನ್ನು ಬಿಟ್ಟು ಟೆಂಪರರಿಗಳ ಮೇಲೆಯೇ ಮೊದಲು ಕೈ ಇಡುವುದಕ್ಕೆ ಕಾನೂನಿನಲ್ಲೇ ಕಾರಣ ಇದೆ. 300 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಒಬ್ಬರನ್ನು ಹೆಚ್ಚುವರಿ ಅಂತ ತೆಗೆಯಬೇಕಾದರೆ ಸರ್ಕಾರದ ಅನುಮತಿ ಬೇಕು. ಒಪ್ಪಂದದ ಅವಧಿ ಮುಗಿದವರನ್ನು ಮನೆಗೆ ಕಳಿಸಲು ಯಾವ ಅನುಮತಿಯೂ ಬೇಡ. ಹಾಗಾಗಿ ಒಳ್ಳೆಯ ಕಾಲದಲ್ಲೇ ಕಂಪನಿಗಳು ಒಂದಷ್ಟು ಜನರನ್ನು ಈ ಬಗೆಯ ಲೆಟರಿನ ಮೇಲೆ ಇಟ್ಟುಕೊಂಡಿರುತ್ತವೆ. ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ ಹತ್ತು ಕಾರ್ಮಿಕರಲ್ಲಿ ನಾಲ್ವರು ಗುತ್ತಿಗೆಯವರು. ಏರಿಳಿತ ಬಂದಾಗ ಅದರ ಪೆಟ್ಟು ತಿನ್ನುವುದಕ್ಕೆಂದೇ ನಿಮ್ಮ ಕೆಲಸ ಹುಟ್ಟಿದೆ. ಕೇಳಲು ಕಹಿ. ಆದರೆ ನಿಮ್ಮ ಯೋಗ್ಯತೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ನೀವೂ ನಿಮ್ಮ ಮನೆಯವರೂ ತಿಳಿಯಬೇಕು.

ಈಗ ನಿಮ್ಮ ಭಾವನವರ ಮಾತು. 240 ದಿನ ಆದರೆ ಪರ್ಮನೆಂಟ್ ಅನ್ನುವುದು ಪ್ರತಿ ಕಾರ್ಖಾನೆ ಗೇಟಿನ ಹೊರಗಿನ ಚಹಾ ಅಂಗಡಿಯಲ್ಲೂ ಕೇಳಿಬರುವ ಮಾತು. ಅದು ನಿಜ ಅಲ್ಲ. ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದರೆ ಕಾನೂನು ಅದನ್ನು ಒಂದು ವರ್ಷದ ಸತತ ಸೇವೆ ಅಂತ ಎಣಿಸುತ್ತದೆ. ಅದರಿಂದ ಸಿಗುವುದು ನೋಟಿಸ್ ಮತ್ತು ಪರಿಹಾರದ ಹಕ್ಕು. ಕಾಯಂ ಹುದ್ದೆ ತಾನಾಗಿ ಸಿಗುವುದಿಲ್ಲ. ಹಾಗಂತ ಭಾವ ಪೂರ್ತಿ ತಪ್ಪೂ ಅಲ್ಲ. ಕಾಯಂ ಸವಲತ್ತು ತಪ್ಪಿಸಬೇಕೆಂಬ ಉದ್ದೇಶದಿಂದಲೇ ಜನರನ್ನು ವರ್ಷಗಟ್ಟಲೆ ಟೆಂಪರರಿಯಾಗಿ ಇಟ್ಟುಕೊಳ್ಳುವುದನ್ನು ಕಾನೂನು ಅನುಚಿತ ಕಾರ್ಮಿಕ ಪದ್ಧತಿ ಅಂತ ಕರೆಯುತ್ತದೆ. ನಿಮ್ಮ ವಾರದ ಬ್ರೇಕ್ ಅದೇ ಉದ್ದೇಶದ್ದು ಅಂತ ವಾದಿಸಬಹುದು. ಆದರೆ ಆ ಉದ್ದೇಶವನ್ನು ಸಾಬೀತು ಮಾಡುವುದು ನಿಮ್ಮ ಹೆಗಲ ಮೇಲೆ ಬೀಳುತ್ತದೆ. ವರ್ಷಗಳೇ ಹಿಡಿಯಬಹುದು.

‘ಲೇಆಫ್’ ಅನ್ನುವ ಪದದ ಬಗ್ಗೆಯೂ ಒಂದು ಮಾತು. ನಾವೆಲ್ಲ ಕೆಲಸದಿಂದ ತೆಗೆಯುವುದಕ್ಕೆ ಅದನ್ನೇ ಬಳಸುತ್ತೇವೆ. ನಮ್ಮ ಕಾನೂನಿನಲ್ಲಿ ಲೇಆಫ್ ಅಂದರೆ ಕೆಲಸ ಇರುತ್ತದೆ, ಆದರೆ ಸದ್ಯಕ್ಕೆ ಮಾಡಲು ಕೆಲಸ ಕೊಡಲು ಆಗುತ್ತಿಲ್ಲ ಅಂತ. ವರ್ಷ ತುಂಬಿದವರಿಗೆ ಆ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು, ಬದಲಿ ಮತ್ತು ಕ್ಯಾಶುಯಲ್ ಕೆಲಸಗಾರರಿಗೆ ಇದಿಲ್ಲ. ಹೆಚ್ಚುವರಿ ಅಂತ ಪೂರ್ತಿ ತೆಗೆದುಹಾಕಿದರೆ ಅದು ಬೇರೆ, ಅದಕ್ಕೆ ಕಾನೂನು ‘ರಿಟ್ರೆಂಚ್‌ಮೆಂಟ್’ ಅನ್ನುತ್ತದೆ. ಕನ್ನಡದಲ್ಲಿ ಹಿಂಬಡ್ತಿ, ಕಡಿತ ಅಂತೆಲ್ಲ ಗೊಂದಲ ಮಾಡಿಕೊಳ್ಳುತ್ತಾರೆ. ನಿಮಗೆ ಕೊಡುವ ಕಾಗದದಲ್ಲಿ ಇವುಗಳಲ್ಲಿ ಯಾವ ಪದ ಇದೆ ಅಂತ ನೋಡಿ.

ನಿಮ್ಮ ಪತ್ರದಲ್ಲಿ ಒಂದು ಮುಖ್ಯ ವಿಷಯ ಇಲ್ಲ. ಆ 11 ತಿಂಗಳ ಲೆಟರಿನ ತಲೆಯ ಮೇಲೆ ಯಾರ ಹೆಸರಿದೆ? ಕಾರು ಕಂಪನಿಯದಾ, ಕಾಂಟ್ರಾಕ್ಟರದಾ? ‘ಅಪ್ರೆಂಟಿಸ್’ ಅಥವಾ ‘ಟ್ರೈನಿ’ ಅಂತ ಎಲ್ಲಾದರೂ ಇದೆಯಾ? ಒಂದೇ ಯೂನಿಫಾರ್ಮ್ ಹಾಕಿ, ಒಂದೇ ಟಾರ್ಕ್ ಗನ್ ಹಿಡಿದು ಅಕ್ಕಪಕ್ಕ ನಿಂತ ನಾಲ್ವರು ಕಾನೂನಿನ ಕಣ್ಣಿಗೆ ನಾಲ್ಕು ಜಾತಿಯವರಾಗಿರಬಹುದು. ಹಿಂದೊಮ್ಮೆ ಒಬ್ಬ ಯುವಕ ಪ್ಲಾಸ್ಟಿಕ್ ಕವರಿನಲ್ಲಿ ತನ್ನ ಎಲ್ಲ ಸಂಬಳದ ಚೀಟಿ ಹಾಕಿಕೊಂಡು ನನ್ನ ಹತ್ತಿರ ಬಂದಿದ್ದ. ನಾಲ್ಕು ವರ್ಷ ಒಂದೇ ಸ್ಟೇಷನ್, ಬಲಗಡೆ ಹಿಂಬಾಗಿಲಿನ ಬೀಡಿಂಗ್ ಕೂರಿಸುವ ಕೆಲಸ. ಚೀಟಿಗಳನ್ನು ಮೇಜಿನ ಮೇಲೆ ಹರಡಿದರೆ ಮೂರು ಬೇರೆ ಬೇರೆ ಕಾಂಟ್ರಾಕ್ಟರ್ ಹೆಸರು! ಪಿಎಫ್‌ಗೆ ಒಬ್ಬರಿಗೆ ಒಂದೇ ಇರಬೇಕಾದ ಯುಎಎನ್ ನಂಬರ್ ಅವನಿಗೆ ಎರಡು. ಅವನಿಗೆ ಇದು ಗೊತ್ತೇ ಇರಲಿಲ್ಲ. ‘ನಾನು ಕಂಪನಿಯವನು ಸರ್’ ಅನ್ನುತ್ತಿದ್ದ.

ಲೆಟರ್ ಕಾಂಟ್ರಾಕ್ಟರ್ ಹೆಸರಿನಲ್ಲಿದ್ದರೆ ನಿಮ್ಮ ಮಾಲೀಕ ಅವನೇ. ನೋಟಿಸ್, ಪರಿಹಾರ ಎಲ್ಲ ಅವನಿಂದ ಕೇಳಬೇಕು. ಆದರೆ ‘ಕಂಪನಿಗೆ ಸಂಬಂಧವೇ ಇಲ್ಲ’ ಅನ್ನುವ ಮಾತನ್ನು ನಂಬಬೇಡಿ. ಕಾಂಟ್ರಾಕ್ಟರ್ ಸಂಬಳ ಬಾಕಿ ಉಳಿಸಿದರೆ ಅದನ್ನು ಕೊಡುವ ಹೊಣೆ ಕಂಪನಿಯದು, ಪಿಎಫ್ ಕಟ್ಟದಿದ್ದರೂ ಹಾಗೇ. ಅಪ್ರೆಂಟಿಸ್ ಆಗಿದ್ದರೆ 1961ರ ಕಾಯ್ದೆ ಪ್ರಕಾರ ನೀವು ಕಾರ್ಮಿಕರೇ ಅಲ್ಲ, ನಾನು ಹೇಳುವ ಪರಿಹಾರಗಳಲ್ಲಿ ಹೆಚ್ಚಿನವು ಸಿಗುವುದಿಲ್ಲ. ಹಾಗಿದ್ದಲ್ಲಿ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ತೆಗೆದುಕೊಳ್ಳುವುದನ್ನು ಮಾತ್ರ ಬಿಡಬೇಡಿ.

ಬ್ರೇಕ್, ಹೊಸ ಲೆಟರ್ ಅಂತ ನೀವು ಬರೆದಿದ್ದು ನೋಡಿದರೆ ನಿಮ್ಮದು ನಿಗದಿತ ಅವಧಿಯ ಒಪ್ಪಂದ ಅನ್ನಿಸುತ್ತದೆ. ಹಾಗೆ ಇಟ್ಟುಕೊಂಡೇ ಮುಂದಿನದು ಹೇಳುತ್ತೇನೆ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಿಗದಿತ ಅವಧಿಯ ಕೆಲಸಗಾರನಿಗೂ ಅದೇ ಕೆಲಸ ಮಾಡುವ ಕಾಯಂ ನೌಕರನಿಗಿಂತ ಕಡಿಮೆ ಸಂಬಳ, ಕಡಿಮೆ ಸವಲತ್ತು ಕೊಡುವಂತಿಲ್ಲ. ಗ್ರಾಚ್ಯುಟಿಗೆ ಅವನು ಐದು ವರ್ಷ ಕಾಯಬೇಕಿಲ್ಲ, ಒಪ್ಪಂದದಲ್ಲಿ ಒಂದು ವರ್ಷ ಆದರೆ ಸಾಕು. 11 ತಿಂಗಳ ಲೆಟರಿನ ಲೆಕ್ಕಾಚಾರ ಈಗ ಅರ್ಥ ಆಯಿತಲ್ಲ? ಒಂದು ವರ್ಷ ತುಂಬಲೇ ಇಲ್ಲ ಅಂತ ಕಂಪನಿ ಹೇಳುತ್ತದೆ. ಎಲ್ಲ ಲೆಟರುಗಳನ್ನೂ ಸೇರಿಸಿ ನೋಡಬೇಕು ಅಂತ ನೀವು ಹೇಳಬಹುದು. ವಾದಕ್ಕೆ ಜಾಗ ಇದೆ. ಅದಕ್ಕೇ ಹಳೆಯ ಲೆಟರ್ ಒಂದನ್ನೂ ಬಿಸಾಡಬೇಡಿ.

ಅವಧಿ ಮುಗಿದು ಹೊಸ ಲೆಟರ್ ಕೊಡದಿದ್ದರೆ ಅದು ರಿಟ್ರೆಂಚ್‌ಮೆಂಟ್ ಆಗುವುದಿಲ್ಲ, ನೋಟಿಸ್ ಇಲ್ಲ, ಪರಿಹಾರ ಇಲ್ಲ. ಆದರೆ ನಿಮ್ಮ ಲೆಟರಿಗೆ ಇನ್ನೂ ನಾಲ್ಕು ತಿಂಗಳು ಇದೆ. ನಿಮ್ಮ ಇಡೀ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಸಾಲು ಇದು. ನಡುವೆ ತೆಗೆದರೆ ಅವಧಿ ಮುಗಿದ ವಿನಾಯಿತಿ ಅನ್ವಯಿಸುವುದಿಲ್ಲ. ಸಾಮಾನ್ಯವಾಗಿ ಅದು ರಿಟ್ರೆಂಚ್‌ಮೆಂಟ್. ಸತತ ಸೇವೆ ಒಂದು ವರ್ಷ ಆಗಿದ್ದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು. 300 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಾರ್ಖಾನೆಯಾದರೆ ನೋಟಿಸ್ ಮೂರು ತಿಂಗಳದ್ದು, ಮೇಲೆ ಸರ್ಕಾರದ ಅನುಮತಿಯೂ ಬೇಕು. ಪ್ರತಿ ಲೆಟರೂ ಹೊಸ ಒಪ್ಪಂದ, ಈ ಲೆಟರಿನಲ್ಲಿ ನಿಮಗೆ ಏಳು ತಿಂಗಳು ಮಾತ್ರ ಆಗಿದೆ ಅಂತ ಅವರು ಹೇಳಬಹುದು. ಹಿಂದಿನ 12 ತಿಂಗಳಲ್ಲಿ ಒಂದು ವಾರ ಬಿಟ್ಟು ಮಿಕ್ಕೆಲ್ಲ ದಿನ ದುಡಿದಿದ್ದೇನೆ, 240 ದಿನ ಯಾವತ್ತೋ ದಾಟಿದೆ ಅನ್ನುವುದು ನಿಮ್ಮ ಉತ್ತರ.

ಅದಕ್ಕೇ ರಾಜೀನಾಮೆ ಕೇಳುತ್ತಿದ್ದಾರೆ. ನೀವಾಗಿ ಬಿಟ್ಟು ಹೋದರೆ ಇದ್ಯಾವುದೂ ಬೇಕಾಗುವುದಿಲ್ಲ.

ಆ ಒಂದು ಸಹಿಯಿಂದ ಏನೇನು ಹೋಗುತ್ತದೆ ಅಂತ ಜನರಿಗೆ ಗೊತ್ತಿರುವುದಿಲ್ಲ, ಹೇಳುವವರೂ ಇರುವುದಿಲ್ಲ. ನೋಟಿಸ್ ಮತ್ತು ಪರಿಹಾರ ಹೋಗುತ್ತದೆ. ಹೊಸ ಕಾನೂನಿನಲ್ಲಿ ಕೌಶಲ ಮರುತರಬೇತಿ ನಿಧಿ ಅಂತ ಒಂದಿದೆ. ರಿಟ್ರೆಂಚ್ ಆದವರ ಖಾತೆಗೆ 15 ದಿನದ ಸಂಬಳದಷ್ಟು ಹಣ 45 ದಿನದ ಒಳಗೆ ಬರಬೇಕು. ಅದೂ ಹೋಗುತ್ತದೆ. ‘ನಿಮ್ಮನ್ನೇ ಮೊದಲು ಕರೀತೀವಿ’ ಅಂತಾರಲ್ಲ, ರಿಟ್ರೆಂಚ್ ಆದವರಿಗೆ ಅದು ಕಾನೂನಿನಲ್ಲೇ ಇರುವ ಹಕ್ಕು. ಒಂದು ವರ್ಷದ ಒಳಗೆ ಹೊಸಬರನ್ನು ತೆಗೆದುಕೊಳ್ಳುವುದಾದರೆ ಅವರಿಗೆ ಮೊದಲು ಅವಕಾಶ ಕೊಡಬೇಕು. ರಾಜೀನಾಮೆ ಕೊಟ್ಟವರಿಗೆ ಆ ಹಕ್ಕು ಇಲ್ಲ. ಅಂದರೆ ಬಾಯಿಮಾತಿನಲ್ಲಿ ಕೊಡುತ್ತೇವೆ ಅನ್ನುತ್ತಿರುವುದನ್ನೇ ಆ ಕಾಗದದಲ್ಲಿ ನಿಮ್ಮಿಂದ ಬಿಡಿಸಿಕೊಳ್ಳುತ್ತಿದ್ದಾರೆ. ಪಿಎಫ್ ತೆರಿಗೆಗೂ ಇದು ತಾಗುತ್ತದೆ. ಐದು ವರ್ಷ ತುಂಬುವ ಮೊದಲು ಪೂರ್ತಿ ಪಿಎಫ್ ತೆಗೆದರೆ ಅದು ತೆರಿಗೆಗೆ ಬರುತ್ತದೆ. ಆದರೆ ಮಾಲೀಕರ ವ್ಯವಹಾರ ಕುಗ್ಗಿ ಕೆಲಸ ಹೋಗಿದ್ದರೆ ವಿನಾಯಿತಿ ಇದೆ. ಸ್ವಂತ ಕಾರಣಕ್ಕೆ ಬಿಟ್ಟೆ ಅಂತ ಬರೆದುಕೊಟ್ಟ ಮೇಲೆ ಆ ವಿನಾಯಿತಿಯನ್ನು ಹೇಗೆ ಕೇಳುತ್ತೀರಿ?

ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ ವಿಷಯವೂ ಹೀಗೇ. ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ ಕಟ್ಟಿರುತ್ತೀರಿ. ಅದರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಇದೆ, 2018ರಲ್ಲಿ ಶುರುವಾಯಿತು. ಕೆಲಸ ಕಳೆದುಕೊಂಡವರಿಗೆ ದಿನದ ಸರಾಸರಿ ಸಂಬಳದ ಅರ್ಧದಂತೆ 90 ದಿನದವರೆಗೆ ಕೊಡುತ್ತಾರೆ. ಜೀವನದಲ್ಲಿ ಒಮ್ಮೆ ಮಾತ್ರ. ಕನಿಷ್ಠ ಎರಡು ವರ್ಷ ವಿಮೆಯಲ್ಲಿ ಇದ್ದಿರಬೇಕು, ಜೊತೆಗೆ ವಂತಿಗೆ ಕಟ್ಟಿದ ದಿನಗಳ ಲೆಕ್ಕವೂ ಇದೆ. ದುರ್ನಡತೆಯಿಂದಲೋ ಸ್ವಯಂ ನಿವೃತ್ತಿಯಿಂದಲೋ ಕೆಲಸ ಹೋದವರಿಗೆ ಸಿಗುವುದಿಲ್ಲ. ರಾಜೀನಾಮೆ ಪತ್ರ ಹಿಡಿದು ಹೋದರೆ ತಕರಾರು ಬರುವುದು ಇಲ್ಲೇ. ಸರ್ಕಾರ ಈ ಯೋಜನೆಯನ್ನು ಅವಧಿ ಮುಗಿದಂತೆ ವಿಸ್ತರಿಸುತ್ತಾ ಬಂದಿದೆ. ಅರ್ಜಿ ಹಾಕುವ ಮೊದಲು ಇಎಸ್‌ಐ ಶಾಖಾ ಕಚೇರಿಯಲ್ಲಿ ಈಗಿನ ನಿಯಮ ಕೇಳಿಕೊಳ್ಳಿ. ಇನ್ನೊಂದು ಮಾತು, ಮಗು ಚಿಕ್ಕದು ಅಂತ ಬರೆದಿದ್ದೀರಿ. ಕೆಲಸ ಹೋದ ಮರುದಿನವೇ ಇಎಸ್‌ಐ ಆಸ್ಪತ್ರೆಯ ಬಾಗಿಲು ಮುಚ್ಚುವುದಿಲ್ಲ. ನೀವು ಈಗಾಗಲೇ ಕಟ್ಟಿದ ವಂತಿಗೆಗೆ ಸಿಗುವ ಸೌಲಭ್ಯದ ಅವಧಿ ಮುಗಿಯುವವರೆಗೆ ಚಿಕಿತ್ಸೆ ಸಿಗುತ್ತದೆ. ಕಾರ್ಡ್ ಇಟ್ಟುಕೊಳ್ಳಿ.

ಹಾಗಾದರೆ ಸಹಿ ಮಾಡಲೇಬಾರದಾ? ನನ್ನ ಅಭಿಪ್ರಾಯ ಕೇಳಿದರೆ, ಮಾಡಬೇಡಿ. ಆದರೆ ಮಾಡದಿದ್ದರೂ ಅಪಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಗೇಟ್ ಪಾಸ್ ಬ್ಲಾಕ್ ಮಾಡಬಹುದು. ಮುಂದೆ ಕರೆಯುವ ಪಟ್ಟಿಯಿಂದ ನಿಮ್ಮ ಹೆಸರನ್ನು ಸುಮ್ನೆ ಕೈಬಿಡಬಹುದು. ಒಂದೇ ಕಾಂಟ್ರಾಕ್ಟರ್ ನಾಲ್ಕು ಕಾರ್ಖಾನೆಗೆ ಜನ ಕೊಡುವ ಕಡೆ ಮಾತು ಬೇಗ ಹರಡುತ್ತದೆ. ಬಾಕಿ ಹಣ ತಡೆದು ಹೆದರಿಸುವವರೂ ಇದ್ದಾರೆ. ಆದರೆ ಆ ಬೆದರಿಕೆಗೆ ಕಾನೂನಿನ ಬಲ ಇಲ್ಲ. ತೆಗೆದರೂ ಸರಿ, ರಾಜೀನಾಮೆ ಕೊಟ್ಟರೂ ಸರಿ, ಸಂಬಳದ ಬಾಕಿಯನ್ನು ಎರಡು ಕೆಲಸದ ದಿನದ ಒಳಗೆ ಕೊಡಬೇಕು.

ಜಗಳ ಆಡಬೇಡಿ, ಕೂಗಾಡಬೇಡಿ. ‘ಮನೆಯಲ್ಲಿ ಕೇಳಿ ಹೇಳುತ್ತೇನೆ ಸರ್, ಒಂದು ಕಾಪಿ ಕೊಡಿ’ ಅನ್ನಿ. ಕಾಪಿ ಕೊಡದಿದ್ದರೆ ಅದರಲ್ಲಿ ಏನಿತ್ತು ಅಂತ ಅವತ್ತೇ ಬರೆದಿಟ್ಟುಕೊಳ್ಳಿ. ಕೆಲಸಕ್ಕೆ ಮರುದಿನವೂ ಸಮಯಕ್ಕೆ ಸರಿಯಾಗಿ ಹೋಗಿ. ಪಂಚ್ ಮಾಡುವಾಗ ಕೆಂಪು ದೀಪ ಬಂದರೆ ಆ ದಿನ, ಆ ಹೊತ್ತು ಬರೆದುಕೊಳ್ಳಿ, ಅವತ್ತೇ ಎಚ್‌ಆರ್‌ಗೆ ಒಂದು ಇಮೇಲ್ ಅಥವಾ ರಿಜಿಸ್ಟರ್ ಪೋಸ್ಟ್ ಕಳಿಸಿ. ಉದ್ದ ಬೇಡ. ‘ಈ ದಿನ ಇಷ್ಟು ಗಂಟೆಗೆ ಮೊದಲ ಶಿಫ್ಟಿಗೆ ಬಂದೆ. ನನ್ನನ್ನು ಒಳಗೆ ಬಿಡಲಿಲ್ಲ. ನಾನು ರಾಜೀನಾಮೆ ಕೊಟ್ಟಿಲ್ಲ. ಕೆಲಸ ಮಾಡಲು ಸಿದ್ಧನಿದ್ದೇನೆ.’ ಇಷ್ಟು ಸಾಕು. ಎಷ್ಟೋ ಕೇಸುಗಳಲ್ಲಿ ‘ಅವನೇ ಬರುವುದನ್ನು ಬಿಟ್ಟ’ ಅಂತ ಮಾಲೀಕರು ಹೇಳುತ್ತಾರೆ. ಆಗ ಈ ನಾಲ್ಕು ಸಾಲೇ ಆಧಾರ.

ಅಕಸ್ಮಾತ್ ಸಹಿ ಮಾಡಿಬಿಟ್ಟಿದ್ದರೆ? ಎಲ್ಲ ಮುಗಿಯಿತು ಅಂತಲ್ಲ. ಒತ್ತಡ ಹಾಕಿ ಬರೆಸಿಕೊಂಡರು ಅಂತ ತಡ ಮಾಡದೆ ಬರೆದು ತಿಳಿಸಿ. ಒಂದೇ ದಿನ ಅರವತ್ತು ಜನ ಒಂದೇ ಒಕ್ಕಣೆಯಲ್ಲಿ ‘ವೈಯಕ್ತಿಕ ಕಾರಣ’ಕ್ಕೆ ರಾಜೀನಾಮೆ ಕೊಟ್ಟರು ಅಂದರೆ ಕಾರ್ಮಿಕ ಅಧಿಕಾರಿಗೂ ಅನುಮಾನ ಬಂದೇ ಬರುತ್ತದೆ.

ಇನ್ನು ಕೋರ್ಟ್. ನೇರವಾಗಿ ಕೋರ್ಟಿಗೆ ಹೋಗುವುದಲ್ಲ. ಮೊದಲು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ ಕೊಡಬೇಕು. 45 ದಿನದಲ್ಲಿ ಬಗೆಹರಿಯದಿದ್ದರೆ ಕೆಲಸದಿಂದ ತೆಗೆಯಲ್ಪಟ್ಟವರು ತಾವೇ ಟ್ರಿಬ್ಯುನಲ್‌ಗೆ ಹೋಗಬಹುದು. ಹೊಸ ಕಾನೂನಿನಲ್ಲಿ ಇದಕ್ಕೆ ಎರಡು ವರ್ಷದ ಗಡುವು ಇದೆ, ಮೊದಲು ಮೂರು ವರ್ಷ ಇತ್ತು. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರ ನೆರವು ಸಿಗುತ್ತದೆ, ಜಿಲ್ಲಾ ಕೋರ್ಟಿನ ಆವರಣದಲ್ಲೇ ಆ ಪ್ರಾಧಿಕಾರದ ಕಚೇರಿ ಇರುತ್ತದೆ. ನನ್ನ ಅನುಭವದಲ್ಲಿ ಹಣದ ವಿಷಯ, ಅಂದರೆ ನೋಟಿಸ್ ಸಂಬಳ, ಪರಿಹಾರ, ಬೋನಸ್, ಸಂಧಾನದ ಹಂತದಲ್ಲೇ ಎಷ್ಟೋ ಸಲ ಇತ್ಯರ್ಥ ಆಗುತ್ತದೆ. ‘ಕೆಲಸವೇ ವಾಪಸ್ ಬೇಕು, ಪರ್ಮನೆಂಟ್ ಮಾಡಿ’ ಅನ್ನುವ ಕೇಸು ಮಾತ್ರ ಬಹಳ ಉದ್ದ ಎಳೆಯುತ್ತದೆ. ಒಬ್ಬರೇ ಹೋಗುವುದಕ್ಕಿಂತ ನಿಮ್ಮ ಲೈನಿನ ಹತ್ತು ಜನ ಒಟ್ಟಿಗೆ ಹೋಗಿ. ಕಾಯಂ ನೌಕರರ ಯೂನಿಯನ್ ಇದ್ದರೆ ಅವರನ್ನೂ ಕೇಳಿ. ಕೆಲವು ಯೂನಿಯನ್‌ಗಳು ಟೆಂಪರರಿಗಳ ವಿಷಯ ಅಂದರೆ ಮುಖ ತಿರುಗಿಸುತ್ತವೆ. ಅದು ತಪ್ಪು ಅಂತ ನಾನು ಅವರ ಮುಂದೆಯೇ ಹೇಳಿದ್ದೇನೆ.

‘ಆರು ತಿಂಗಳಲ್ಲಿ ಸರಿ ಹೋಗುತ್ತೆ’ ಅನ್ನುವ ಮಾತನ್ನು ಎಷ್ಟು ನಂಬಬಹುದು? ಶೋರೂಮಿನ ಲೆಕ್ಕ ನೆನಪಿಸಿಕೊಳ್ಳಿ. ಸ್ಟಾಕ್ ಕರಗಿದ ಮೇಲೆ ಕೆಲವರನ್ನು ಕರೆಯುತ್ತಾರೆ, ಎಲ್ಲರನ್ನೂ ಅಲ್ಲ. 2018-19ರಲ್ಲಿ ದೇಶದಲ್ಲಿ ಸುಮಾರು 33.8 ಲಕ್ಷ ಪ್ರಯಾಣಿಕ ವಾಹನ ಮಾರಾಟವಾಗಿದ್ದವು. ಮರುವರ್ಷ 28 ಲಕ್ಷಕ್ಕಿಂತ ಕೆಳಗೆ ಬಿತ್ತು. ಆಮೇಲೆ ಕೊರೊನಾ ಬಂತು. ಹಳೆಯ ಮಟ್ಟ ದಾಟಿದ್ದು 2022-23ರಲ್ಲಿ, ಸುಮಾರು 38.9 ಲಕ್ಷ. 2019ರಲ್ಲಿ ‘ದಸರಾ ಮುಗಿಯಲಿ, ಕರೀತಾರೆ’ ಅಂತ ರೂಮಿನ ಬಾಡಿಗೆ ಕಟ್ಟುತ್ತಾ ಕೂತ ಹುಡುಗರನ್ನು ನಾನು ಬಲ್ಲೆ. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಅವರ ಕೈ ಬರಿದಾಗಿತ್ತು. ಎಲ್ಲ ಸಲ ಹಾಗೇ ಆಗಬೇಕೆಂದಿಲ್ಲ. ರಾತ್ರಿ ಶಿಫ್ಟ್ ಮತ್ತೆ ಶುರುವಾದರೆ, ಬಿಡಿಭಾಗದ ಲಾರಿಗಳ ಸಾಲು ಗೇಟಿನ ಮುಂದೆ ಮತ್ತೆ ಉದ್ದ ಆದರೆ ಅದನ್ನು ನಂಬಿ. ಸೂಪರ್‌ವೈಸರ್ ಮಾತಿಗಿಂತ ಅವು ಗಟ್ಟಿ. ಪಾಪ, ಅವರ ಕೆಲಸಕ್ಕೂ ಖಾತ್ರಿ ಇರುವುದಿಲ್ಲ.

ಬೇರೆ ದೇಶಗಳಲ್ಲೂ ಟೆಂಪರರಿಗಳ ಪಾಡು ಇದೇ. 2008ರ ಕೊನೆಗೆ ಜಪಾನಿನ ಕಾರು ಕಾರ್ಖಾನೆಗಳು ಮೊದಲು ಕಳಿಸಿದ್ದು ಏಜೆನ್ಸಿ ಕೆಲಸಗಾರರನ್ನು. ಅವರಲ್ಲಿ ಎಷ್ಟೋ ಜನ ಕಂಪನಿ ಕಡೆಯ ಹಾಸ್ಟೆಲಿನಲ್ಲೇ ಇದ್ದರು. ಕೆಲಸದ ಜೊತೆ ಮನೆಯೂ ಹೋಯಿತು. ಹೊಸ ವರ್ಷದ ಹೊತ್ತಿಗೆ ಟೋಕಿಯೊದ ಹಿಬಿಯಾ ಪಾರ್ಕಿನಲ್ಲಿ ಯೂನಿಯನ್‌ಗಳು, ಸಂಘಟನೆಗಳು ಸೇರಿ ಡೇರೆ ಹಾಕಿ ಅವರಿಗೆ ಊಟ ಹಾಕಿದವು, ಸುಮಾರು 500 ಜನ ಬಂದರು. ಜರ್ಮನಿಯಲ್ಲಿ ಅದೇ ಹೊತ್ತಿಗೆ ಕೆಲಸದ ಗಂಟೆ ಕಡಿಮೆ ಮಾಡಿ, ಕಳೆದುಹೋದ ಸಂಬಳದಲ್ಲಿ ಶೇ 60, ಮಕ್ಕಳಿದ್ದರೆ ಶೇ 67 ಸರ್ಕಾರ ತುಂಬಿಕೊಡುವ ವ್ಯವಸ್ಥೆ ಬಹಳ ಜನರ ಕೆಲಸ ಉಳಿಸಿತು. ಅಲ್ಲೂ ಏಜೆನ್ಸಿ ಕೆಲಸಗಾರರೇ ಮೊದಲು ಹೊರಗೆ ಹೋದರು. ನೀವು ಇರುವ ರೂಮು ಕಾಂಟ್ರಾಕ್ಟರ್ ಕೊಡಿಸಿದ್ದಾದರೆ ಇವತ್ತೇ ಕೇಳಿ, ಕೆಲಸ ಹೋದರೆ ಎಷ್ಟು ದಿನ ಇರಬಹುದು ಅಂತ.

ಬೇರೆ ಕೆಲಸ ನೋಡುವಾಗ ಬಿಡಿಭಾಗ ಮಾಡುವ ಕಂಪನಿಗಳ ಕಡೆಗೇ ಎಲ್ಲರೂ ಓಡುತ್ತಾರೆ. ಅವರಿಗೂ ಇದೇ ಪೆಟ್ಟು ಬಿದ್ದಿರುತ್ತದೆ. ಐಟಿಐ ಫಿಟ್ಟರಿಗೆ ಕಾರು ಬಿಟ್ಟು ಬೇರೆ ಜಾಗ ಇವೆ. ಲಿಫ್ಟ್ ಅಳವಡಿಸುವವರು, ಔಷಧ ಮತ್ತು ಆಹಾರ ಕಾರ್ಖಾನೆಗಳ ಮೆಂಟೆನೆನ್ಸ್, ಗೋದಾಮುಗಳ ಕನ್ವೇಯರ್, ಪಂಪು ಮೋಟರು. ಮೊದಮೊದಲು ಸಂಬಳ ಕಡಿಮೆ ಇರಬಹುದು. ಕಾರುಗಳ ಏರಿಳಿತದ ಮೇಲೆ ಮಾತ್ರ ಅದು ನಿಂತಿರುವುದಿಲ್ಲ. ‘ಇನ್ನೊಂದು ಕಂಪನಿಗೆ ಸೇರಿಸುತ್ತೇನೆ’ ಅಂತ ಕಮಿಷನ್ ಕೇಳುವವರು ಈ ಹೊತ್ತಿನಲ್ಲಿ ಅಣಬೆಯ ಹಾಗೆ ಏಳುತ್ತಾರೆ. ಒಂದು ರೂಪಾಯಿಯನ್ನೂ ಕೊಡಬೇಡಿ.

ಬೈಕ್ ಸಾಲದ ಕಂತು ತಪ್ಪುವ ಮೊದಲೇ ಫೈನಾನ್ಸ್‌ನವರ ಹತ್ತಿರ ಹೋಗಿ ಅವಧಿ ಉದ್ದ ಮಾಡಿ ಕಂತು ಇಳಿಸಿ ಅಂತ ಕೇಳಿ. ತಪ್ಪಿದ ಮೇಲೆ ಹೋದರೆ ಮಾತಿನ ಧಾಟಿಯೇ ಬೇರೆ ಇರುತ್ತದೆ. ಪಿಎಫ್ ಹಣವನ್ನು ಕೊನೆಗೆ ಮುಟ್ಟಿ. ಮುಟ್ಟಲೇಬೇಕಾದರೂ ಪಿಂಚಣಿ ಭಾಗ ಹಾಗೇ ಇರಲಿ, ಹತ್ತು ವರ್ಷದ ಸೇವೆ ಸೇರಿದರೆ ಮುಂದೆ ಪಿಂಚಣಿ ಬರುತ್ತದೆ. ನಿಮ್ಮ ಹೆಸರಿನಲ್ಲಿ ಎರಡು ಯುಎಎನ್ ಇದ್ದರೆ ಒಂದಕ್ಕೆ ಸೇರಿಸಿಕೊಳ್ಳುವ ಕೆಲಸ ಈಗಲೇ ಮಾಡಿ.

ಊರಿಗೆ ಹೋಗೋಣ ಅನ್ನುವ ನಿಮ್ಮ ಹೆಂಡತಿಯ ಮಾತನ್ನು ತಳ್ಳಿಹಾಕಬೇಡಿ. ಬಾಡಿಗೆ ಉಳಿಯುತ್ತದೆ, ಮಗುವಿಗೆ ಅಜ್ಜಿಯ ಕೈ ಸಿಗುತ್ತದೆ. ಲೆಟರ್ ಇರುವವರೆಗೆ ನೀವು ಇಲ್ಲೇ ಇರಿ, ಅವರು ಬೇಕಾದರೆ ಮುಂಚೆ ಹೋಗಲಿ. ನೀವು ಹೊರಡುವ ಮೊದಲು ಎಲ್ಲ ಲೆಟರ್, ಸಂಬಳದ ಚೀಟಿ, ಗೇಟ್ ಪಾಸಿನ ಎರಡೂ ಬದಿ, ಇಎಸ್‌ಐ ಕಾರ್ಡ್ ಫೋಟೊ ತೆಗೆದು ಭಾವನವರ ಫೋನಿಗೂ ಕಳಿಸಿಡಿ. ಗೇಟ್ ಪಾಸನ್ನು ಕೆಲಸ ಹೋದ ದಿನವೇ ಕಿತ್ತುಕೊಳ್ಳುತ್ತಾರೆ, ಆಮೇಲೆ ಸಿಗುವುದಿಲ್ಲ. ಸರ್ವಿಸ್ ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ. ಊರಿನಲ್ಲಿ ನೆಟ್‌ವರ್ಕ್ ಇಲ್ಲ ಅಂತ ಸಿಮ್ ಮಾತ್ರ ಬದಲಾಯಿಸಬೇಡಿ. ಪಿಎಫ್‌ಗೂ ಆಧಾರ್‌ಗೂ ಒಟಿಪಿ ಬರುವುದು ಆ ನಂಬರಿಗೇ. ಕಂಪನಿಯವರು ಕರೆದರೂ ಅದಕ್ಕೇ ಕರೆಯುತ್ತಾರೆ.